ಪದಚರ್ಚೆ: ರಗ್ಬಿಯ ‘ಟ್ರೈ’ ಪ್ರಯತ್ನವೇ? ‘ಚೆಂಡು ಊರಿದ’ ಅನ್ನಬಹುದೇ?

ಗೆಳೆಯರೇ,

ಒಂದು ಪದ ತಲೆ ತಿನ್ನುತ್ತಿದೆ. ರಗ್ಬಿಯಲ್ಲಿ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸಿ ಅಂಕ ಗಳಿಸುವುದಕ್ಕೆ ‘ಟ್ರೈ’ ಅಂತಾರಲ್ಲ, ಅದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ? ನಾಮಪದ ಸಿಕ್ಕದಿದ್ದರೂ ಪರವಾಗಿಲ್ಲ. ನನಗೆ ಬೇಕಿರುವುದು ಕ್ರಿಯಾಪದ.

ಶುರುವಾದದ್ದು ಹೀಗೆ. 2023ರ ವಿಶ್ವಕಪ್ ಫೈನಲ್ ಪಂದ್ಯವನ್ನು ಮೊನ್ನೆ ಮತ್ತೆ ಹಾಕಿಕೊಂಡು ಕೂತಿದ್ದೆ. ಅಕ್ಟೋಬರ್ 28, ಪ್ಯಾರಿಸ್ ಪಕ್ಕದ ಸ್ಟಾಡ್ ಡ ಫ್ರಾನ್ಸ್, ದಕ್ಷಿಣ ಆಫ್ರಿಕಾ ಮತ್ತು ನ್ಯೂಜಿಲೆಂಡ್. ನಾನು ಆಲ್ ಬ್ಲ್ಯಾಕ್ಸ್, ಅಂದರೆ ನ್ಯೂಜಿಲೆಂಡ್ ತಂಡದ ಕಡೆಯವನು. ಸೋತ ಪಂದ್ಯವನ್ನು ಯಾಕೆ ಮತ್ತೆ ನೋಡುತ್ತೀಯ ಅಂತ ಕೇಳಬೇಡಿ. ಗಾಯದ ಹೊಪ್ಪಳೆ ಕೀಳುವ ಚಟ ಕೆಲವರಿಗೆ ಇರುತ್ತದೆ. ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ರಗ್ಬಿ ಅವನಿಗೆ ಹೊಸದು.

ನಮ್ಮ ನಾಯಕ ಸ್ಯಾಮ್ ಕೇನ್ ಮೊದಲರ್ಧದಲ್ಲೇ ಕೆಂಪು ಕಾರ್ಡ್ ತಿಂದು ಹೊರಗೆ ಕೂತಿದ್ದ. ಹದಿನಾಲ್ಕೇ ಜನ ಆಡುತ್ತಿದ್ದರು. 58ನೇ ನಿಮಿಷ. ಎಡಮೂಲೆಯಲ್ಲಿ ಬೋಡನ್ ಬ್ಯಾರೆಟ್ ಚೆಂಡು ಹಿಡಿದು ಗೆರೆಯಾಚೆ ಬಿದ್ದ. ನಾನು ‘ಟ್ರೈ!’ ಅಂತ ಕೂಗಿದೆ. ಹುಡುಗ ನನ್ನ ಮುಖ ನೋಡಿ, “ಟ್ರೈ ಅಂದ್ರೆ ಪ್ರಯತ್ನ ಅಲ್ವಾ ಮಾವ? ಆಗೇ ಹೋಯ್ತಲ್ಲ, ಇನ್ನೇನು ಪ್ರಯತ್ನ?” ಅಂದ.

ಪ್ರಶ್ನೆ ಸರಿಯಾಗಿಯೇ ಇದೆ. ‘ಬ್ಯಾರೆಟ್ ಒಂದು ಪ್ರಯತ್ನ ಗಳಿಸಿದ’ ಅಂತ ಬರೆದರೆ ಓದುವವರು ಪಾಪ, ಕೈಗೂಡಲಿಲ್ಲವೇನೋ ಅಂದುಕೊಳ್ಳುತ್ತಾರೆ. ಹೆಸರಿನ ಹಿಂದಿನ ಕಥೆ ಬೇರೆ. ಆಟದ ಮೊದಲ ದಿನಗಳಲ್ಲಿ ಗೆರೆಯಾಚೆ ಚೆಂಡು ತಾಗಿಸಿದರೆ ಅಂಕವೇ ಇರಲಿಲ್ಲ. ಗೋಲಿಗೆ ಒದ್ದು ನೋಡುವ ಹಕ್ಕು ಮಾತ್ರ ಸಿಗುತ್ತಿತ್ತು. ಒದ್ದದ್ದು ಕಂಬಗಳ ನಡುವೆ ಹೋದರೆ ಟ್ರೈ ಗೋಲಾಗಿ ‘ಕನ್ವರ್ಟ್’ ಆಯಿತು ಅಂತ ಲೆಕ್ಕ. 1871ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡನ್ನು ಸೋಲಿಸಿತಲ್ಲ, ರಗ್ಬಿಯ ಮೊದಲ ಅಂತರರಾಷ್ಟ್ರೀಯ ಪಂದ್ಯ, ಅಲ್ಲಿಯೂ ಗೆಲುವು ಗೋಲಿನ ಲೆಕ್ಕದಲ್ಲೇ. ಆಮೇಲೆ ನಿಧಾನಕ್ಕೆ ಟ್ರೈಗೇ ಬೆಲೆ ಏರಿತು. ಬಹಳ ಕಾಲ ಮೂರು ಅಂಕ, 1971ರಲ್ಲಿ ನಾಲ್ಕು, 1992ರಿಂದ ಐದು. ಕನ್ವರ್ಷನ್, ಅಂದರೆ ಆಮೇಲಿನ ಆ ಒದೆತ, ಎರಡರಲ್ಲೇ ಉಳಿದಿದೆ. ಅಂದರೆ ಆಟ ತಲೆಕೆಳಗಾಯಿತು, ಹೆಸರು ಮಾತ್ರ ಹಳೆಯದೇ.

ಬೇರೆ ಭಾಷೆಯವರು ಏನು ಮಾಡಿದ್ದಾರೆ ನೋಡಿದೆ. ಫ್ರೆಂಚರು ‘ಎಸ್ಸೆ’ ಅನ್ನುತ್ತಾರೆ, ವೇಲ್ಸಿನವರು ‘ಕೈಸ್’. ಎರಡಕ್ಕೂ ಪ್ರಯತ್ನ ಅಂತಲೇ ಅರ್ಥ. ಅಲ್ಲಿ ನೂರು ವರ್ಷ ಆಡಿ ಆಡಿ ಪದಕ್ಕೆ ಹೊಸ ಅರ್ಥ ಅಂಟಿಕೊಂಡಿದೆ. ನಮ್ಮಲ್ಲಿ ಆ ಬಳಕೆ ಇಲ್ಲ. ಹಾಗಾಗಿ ‘ಪ್ರಯತ್ನ’ ಅಂದರೆ ಬರೀ ಪ್ರಯತ್ನವೇ. ಇಟಲಿಯವರು ‘ಮೆತಾ’, ಅಂದರೆ ಗುರಿ, ಅಂದು ಕೈತೊಳೆದುಕೊಂಡಿದ್ದಾರೆ.

ನನಗೆ ಹಿಡಿಸಿದ್ದು ಆಫ್ರಿಕಾನ್ಸ್. ಟ್ರೈಗೆ ಅವರು ‘ಡ್ರೀ’ ಅನ್ನುತ್ತಾರೆ. ಅದೇ ಮಾತಿಗೆ ಮೂರು ಅಂತಲೂ ಅರ್ಥ. ಅದಿರಲಿ, ಅದರ ಜೊತೆಗೆ ಬಳಸುವ ಕ್ರಿಯಾಪದ ನೋಡಿ: ‘ಡ್ರುಕ್’. ಹಾಗೆಂದರೆ ಒತ್ತು, ಅದುಮು. ಅವರ ಆಟಗಾರ ಟ್ರೈ ಗಳಿಸುವುದಿಲ್ಲ, ಹೊಡೆಯುವುದಿಲ್ಲ, ಒತ್ತುತ್ತಾನೆ. ನಡೆಯುವುದು ಏನೋ ಅದನ್ನೇ ಹೇಳುವ ಮಾತು. ಸುಮ್ನೆ ಗೆರೆ ದಾಟಿದರೆ ಏನೂ ಸಿಗುವುದಿಲ್ಲ ಅಲ್ವಾ, ಚೆಂಡು ನೆಲ ಮುಟ್ಟಲೇಬೇಕು. ಕೈಯಲ್ಲಿ ಹಿಡಿದ ಚೆಂಡಾದರೆ ನೆಲಕ್ಕೆ ತಾಗಿದರೂ ಸಾಕು. ನೆಲದ ಮೇಲೆ ಬಿದ್ದ ಚೆಂಡಾದರೆ ಕೈಯಿಂದಲೋ ಎದೆ, ಹೊಟ್ಟೆಯಿಂದಲೋ ಅದುಮಬೇಕು.

ಇಲ್ಲಿಗೆ ಬಂದಾಗ ನಮ್ಮ ‘ಊರು’ ನೆನಪಾಯಿತು. ಕಾಲೂರು, ಮೊಣಕಾಲೂರು, ಕೋಲೂರಿಕೊಂಡು ನಡೆ, ನೆಲಕ್ಕೆ ಕೈಯೂರಿ ಏಳು. ತಾಗುವುದೂ ಇದೆ, ಭಾರ ಬಿಡುವುದೂ ಇದೆ, ‘ಇದು ನನ್ನ ಜಾಗ’ ಅನ್ನುವ ಗತ್ತೂ ಇದೆ. ತಳವೂರು, ಬೇರೂರು ಅಂತೀವಲ್ಲ, ಹಾಗೆ. ‘ಬ್ಯಾರೆಟ್ ಎಡಮೂಲೆಯಲ್ಲಿ ಚೆಂಡೂರಿದ.’ ಬಾಯಲ್ಲಿ ಹೇಳಿ ನೋಡಿ. ನನಗಂತೂ ಚೆನ್ನಾಗಿ ಕೂತಿತು.

ಆ ಫೈನಲ್ ಪಂದ್ಯದ ಕಥೆಯನ್ನು ಈ ಮಾತಿನಲ್ಲಿ ಹೇಳುವುದು ಸಲೀಸು. ಯಾಕೆಂದರೆ ಚೆಂಡನ್ನು ಎಲ್ಲಿ ಊರಿದರು ಅನ್ನುವುದೇ ಅಲ್ಲಿ ದುಬಾರಿಯಾಯಿತು. ಕನ್ವರ್ಷನ್ ಒದೆತ ಊರಿದ ಜಾಗದ ನೇರಕ್ಕೇ ಆಗಬೇಕು. ಕಂಬಗಳ ನಡುವೆ ಊರಿದ್ದರೆ ಮಕ್ಕಳೂ ಒದೆಯಬಹುದಿತ್ತು. ಊರಿದ್ದು ಮೂಲೆಯಲ್ಲಿ. ರಿಚಿ ಮೊಉಂಗಾ ಒದ್ದ ಚೆಂಡು ಹೊರಗೆ ಹೋಯಿತು. 12–11. ಅವರ ಹ್ಯಾಂಡ್ರೆ ಪೊಲಾರ್ಡ್ ನಾಲ್ಕು ಪೆನಾಲ್ಟಿ (ಎದುರಾಳಿಯ ತಪ್ಪಿಗೆ ಸಿಗುವ ಒದೆತ) ಒದ್ದು ತಂದ ಹನ್ನೆರಡು, ಅಷ್ಟೇ. ದಕ್ಷಿಣ ಆಫ್ರಿಕಾ ಒಂದು ಸಲವೂ ಚೆಂಡೂರದೆ ವಿಶ್ವಕಪ್ ಗೆದ್ದಿತು! ಕ್ವಾರ್ಟರ್ ಫೈನಲಿನಲ್ಲಿ ಫ್ರಾನ್ಸ್ ಮೇಲೆ, ಸೆಮಿಫೈನಲಿನಲ್ಲಿ ಇಂಗ್ಲೆಂಡ್ ಮೇಲೆ ಗೆದ್ದದ್ದೂ ಒಂದೊಂದೇ ಅಂಕದಿಂದ. ಇಂಥವರ ಮೇಲೆ ಎಷ್ಟು ಅಂತ ಸಿಟ್ಟು ಮಾಡಿಕೊಳ್ಳುವುದು.

ಇನ್ನೊಂದು ಲಾಭವೂ ಇದೆ. ಬ್ಯಾರೆಟ್‌ಗಿಂತ ಕೆಲವೇ ನಿಮಿಷ ಮೊದಲು ಆರನ್ ಸ್ಮಿತ್ ಗೆರೆಯಾಚೆ ಚೆಂಡು ಇಟ್ಟಿದ್ದ. ವಿಡಿಯೋ ನೋಡಿದರೆ ಅದಕ್ಕೂ ಮುಂಚೆ ಲೈನ್ ಔಟಿನಲ್ಲಿ (ಪಕ್ಕದ ಗೆರೆ ದಾಟಿದ ಚೆಂಡನ್ನು ಒಳಗೆ ಎಸೆಯುವಾಗ) ಚೆಂಡು ಕೈ ಜಾರಿ ಮುಂದೆ ಹೋಗಿತ್ತು, ಅದು ತಪ್ಪು. ಟ್ರೈ ರದ್ದು. ಇದನ್ನು ‘ಸ್ಮಿತ್ ಟ್ರೈ ಗಳಿಸಿದ, ಆದರೆ ಟ್ರೈ ಅಲ್ಲ’ ಅನ್ನುವುದಕ್ಕಿಂತ ‘ಸ್ಮಿತ್ ಊರಿದ, ಆದರೆ ಟ್ರೈ ಸಿಗಲಿಲ್ಲ’ ಅಂದರೆ ಗೊಂದಲವೇ ಇಲ್ಲ. ಊರುವುದು ಆಟಗಾರನ ಕೆಲಸ, ಟ್ರೈ ಕೊಡುವುದು ರೆಫರಿ ಕೆಲಸ. ಹೆಸರಿಗೆ ಟ್ರೈ ಇರಲಿ, ಕೆಲಸಕ್ಕೆ ಊರು ಬರಲಿ ಅನ್ನುವುದು ನನ್ನ ವಾದ.

ಟ್ಯಾಕಲ್‌ಗೂ ಹೀಗೇ ಒಂದು ಕ್ರಿಯಾಪದ ಸಿಕ್ಕಿದೆ: ‘ಕೆಡವು’. ರಗ್ಬಿ ನಿಯಮದಲ್ಲಿ ಚೆಂಡು ಹಿಡಿದವನನ್ನು ಹಿಡಿದುಕೊಂಡರೆ ಸಾಲದು, ನೆಲಕ್ಕೆ ತರಬೇಕು. ಆಗಲೇ ಅದು ಟ್ಯಾಕಲ್. ‘ತಡೆ’, ‘ಹಿಡಿತ’ ಎರಡೂ ಅಷ್ಟು ದೂರ ಹೋಗುವುದಿಲ್ಲ. ಆ ದಿನ ದಕ್ಷಿಣ ಆಫ್ರಿಕಾದ ಪೀಟರ್ ಸ್ಟೆಫ್ ಡು ಟಾಯ್ ಲೆಕ್ಕದಲ್ಲಿ 28 ಟ್ಯಾಕಲ್ ಇದ್ದವು. 28 ಸಲ ತಡೆದ ಅಂದರೆ ಟ್ರಾಫಿಕ್ ಪೊಲೀಸ್ ನೆನಪಾಗುತ್ತಾನೆ. 28 ಸಲ ಕೆಡವಿದ ಅಂದರೆ ಮೈ ನೋಯುತ್ತದೆ. ಆಟಗಾರರು ಒತ್ತಾಗಿ ಸೇರಿ ಚೆಂಡಿಗಾಗಿ ನೂಕಾಡುವ ಸ್ಕ್ರಮ್, ರಕ್, ಮಾಲ್ ಇವನ್ನು ಹಾಗೇ ಬಿಟ್ಟಿದ್ದೇನೆ. ಚೆಂಡು ನೆಲದಲ್ಲಿದ್ದರೆ ರಕ್, ಕೈಯಲ್ಲಿದ್ದರೆ ಮಾಲ್. ರಕ್, ಮಾಲ್ ಎರಡನ್ನೂ ‘ನೂಕುನುಗ್ಗಲು’ ಅಂದುಬಿಟ್ಟರೆ ಆ ಫರಕೇ ಹೋಗುತ್ತದೆ.

ಊರುವಿಗೆ ನನಗೇ ಹೊಳೆದ ತಕರಾರು ಒಂದಿದೆ. ಹಳಗನ್ನಡದಲ್ಲಿ ವಾಸದ ಊರಿಗೆ ರ, ಊರುವುದಕ್ಕೆ ಱ. ಈಗ ಎರಡಕ್ಕೂ ಒಂದೇ ಅಕ್ಷರ. ‘ಚೆಂಡೂರು’ ಅಂತ ಬರೆದರೆ ಬಸ್ಸಿನ ಬೋರ್ಡಿನ ಹಾಗೆ ಕಾಣುತ್ತದೆ. ‘ಚೆಂಡೂರಿದ’, ‘ಚೆಂಡೂರಿ ಎದ್ದ’ ಅಂದಾಗ ತೊಂದರೆ ಇಲ್ಲ. ವಿಧಿರೂಪದಲ್ಲಿ ಮಾತ್ರ ನಗು ಬರುತ್ತದೆ.

ಈಗ ನಿಮ್ಮನ್ನು ಕೇಳಬೇಕಾದದ್ದು. ನಿಮ್ಮ ಕಡೆ ‘ಊರು’ ಕ್ರಿಯಾಪದವಾಗಿ ಇನ್ನೂ ಬಳಕೆಯಲ್ಲಿದೆಯಾ, ಅಥವಾ ‘ಊರಿಕೊಂಡು’ ಅನ್ನುವ ರೂಪ ಮಾತ್ರ ಉಳಿದಿದೆಯಾ? ಮೈಯಲ್ಲದ ವಸ್ತುವನ್ನು, ಅಂದರೆ ಕೋಲು, ಕಂಬ, ಚೆಂಡಿನಂಥದ್ದನ್ನು ಊರಿದ ಅನ್ನುವುದು ಕಿವಿಗೆ ಸರಿಯಾಗಿ ಕೇಳುತ್ತದಾ? ‘ಅದುಮು’, ‘ಒತ್ತು’, ‘ನಾಟು’ ಇವುಗಳಲ್ಲಿ ಯಾವುದಾದರೂ ಇದಕ್ಕಿಂತ ಮೇಲು ಅನ್ನಿಸಿದರೆ ಒಂದು ವಾಕ್ಯದಲ್ಲಿ ಹಾಕಿ ತೋರಿಸಿ. ವಾಕ್ಯಕ್ಕೆ ಬ್ಯಾರೆಟ್‌ನ ಟ್ರೈಯನ್ನೇ ತೆಗೆದುಕೊಳ್ಳಿ. ಪೊಲಾರ್ಡ್ ಒದೆತಗಳನ್ನು ಬಿಟ್ಟುಬಿಡಿ, ದಯವಿಟ್ಟು.