ಸಹಾಯ ಬೇಕು: ಅಪ್ಪನ ಬಾಯಿ ಎರಡು ಬೆರಳಿಗಿಂತ ಜಾಸ್ತಿ ತೆರೀತಿಲ್ಲ

ನಮಸ್ಕಾರ. ನಮ್ದು ಸಾಗರದ ಹತ್ರ ಹಳ್ಳಿ. ಅಪ್ಪಂಗೆ 52. ಕವಳ (ಎಲೆ-ಅಡಿಕೆ) ಹಾಕೋ ಅಭ್ಯಾಸ ಮೊದ್ಲಿಂದ್ಲೂ ಇತ್ತು, ಆಮೇಲೆ ಗುಟ್ಕಾ ಶುರುವಾಯ್ತು. ಬ್ಯಾನ್ ಆದ್ಮೇಲೂ ಪಾನ್ ಮಸಾಲಾ, ತಂಬಾಕು ಬೇರೆ ಬೇರೆ ಪ್ಯಾಕೆಟ್ ತಂದು ಅಂಗೈಲಿ ಬೆರೆಸ್ಕೊಳ್ಳೋರು.

ಈಗ ಸಾರಿನ ಖಾರ ತಾಗಿದ್ರೂ ಬಾಯೆಲ್ಲ ಉರಿ. ಕೆನ್ನೆ ಒಳಗೆ ಬಿಳಚಿಕೊಂಡಿದೆ, ಮುಟ್ಟಿದ್ರೆ ಹಗ್ಗದ ಹಾಗೆ ಬಿಗಿ. ದಂತವೈದ್ಯರು ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಅಂದ್ರು, ಅಂದ್ರೆ ಬಾಯಿ ಒಳಪದರ ಗಟ್ಟಿಯಾಗಿ ಬಿಗಿಯೋ ಕಾಯಿಲೆ. ಆರು ವಾರ ಕೆನ್ನೆಗೆ ಇಂಜೆಕ್ಷನ್ ಆಯ್ತು, ಹಲ್ಲಿನ ಮಧ್ಯ ಐಸ್‌ಕ್ರೀಮ್ ಕಡ್ಡಿ ಜೋಡಿಸೋ ವ್ಯಾಯಾಮಾನೂ ನಡೀತಿದೆ. ಉರಿ ಕಮ್ಮಿ ಆಗಿದೆ, ಬಾಯಿ ಮಾತ್ರ ಅಷ್ಟೇ. ಗುಟ್ಕಾ ಬಿಟ್ಟಿದಾರೆ, ಅಡಿಕೆ ಬಿಟ್ಟಿದೀನಿ ಅಂತಾರೆ, ನಂಗೆ ನಂಬಿಕೆ ಇಲ್ಲ.

ಈಗ ಎಡಗಡೆ ದವಡೆ ಹಲ್ಲಿನ ಪಕ್ಕ ಬಿಳಿ ಮಚ್ಚೆ ಬಂದಿದೆ, ಉಜ್ಜಿದ್ರೂ ಹೋಗಲ್ಲ. ಡಾಕ್ಟ್ರು ಕ್ಯಾನ್ಸರ್ ಇದೆಯಾ ನೋಡೋಕೆ ಬಯಾಪ್ಸಿ (ಸಣ್ಣ ಚೂರು ತೆಗೆದು ಪರೀಕ್ಷೆ) ಮಾಡ್ಲೇಬೇಕು, ಅದ್ರಿಂದ ಏನೂ ಹರಡಲ್ಲ ಅಂದ್ರು. ಮನೇಲಿ ದೊಡ್ಡಪ್ಪ ‘ಕತ್ತರಿ ತಾಗಿದ್ರೆ ಹರಡತ್ತೆ’ ಅಂತ ಹೆದರಿಸಿದಾರೆ. ಅಪ್ಪ ‘ಅಡಿಕೆ ಕೊನೆ ಕೊಯ್ಲು ಮುಗೀಲಿ’ ಅಂತ ಎರಡು ತಿಂಗಳು ಮುಂದಕ್ಕೆ ಹಾಕ್ತಿದಾರೆ.

ಇಷ್ಟು ಕಿರಿದಾದ ಬಾಯಲ್ಲಿ ಬಯಾಪ್ಸಿ ಮಾಡಿಸ್ಕೊಂಡವರು ಯಾರಾದ್ರೂ ಇದೀರಾ? ಹೇಗೆ ಮಾಡಿದ್ರು, ಎಷ್ಟು ದಿನ ಊಟ ಕಷ್ಟ ಆಯ್ತು? ಗುಂಪಲ್ಲಿರೋ ಡಾಕ್ಟ್ರೇ, ಎರಡು ತಿಂಗಳು ಕಾಯ್ಬಹುದಾ, ಈ ವಾರವೇ ಕರ್ಕೊಂಡು ಹೋಗ್ಬೇಕಾ?