ಕೀನ್ಯಾ: ತೆರಿಗೆ ಹೆಚ್ಚಿಸಿದರೆ ಬೆಟ್ಟಿಂಗ್ ಕಡಿಮೆಯಾಗುತ್ತದೆಯೇ?

ತುಂಗಾತೀರ (ಪ್ರಶ್ನೆ):
ನಾನು ನೈರೋಬಿಯಲ್ಲಿ ನೆಲೆಸಿ ಆರು ವರ್ಷಗಳಾದವು. ನಮ್ಮ ಗೋದಾಮಿನಲ್ಲಿ ಸಾಮಾನು ಇಳಿಸುವ ಹುಡುಗನೊಬ್ಬ ಶನಿವಾರ ವಾರದ ಕೂಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ಖಾತೆಗೆ ಬಂದ ಕೂಡಲೇ, ಗೋಣಿಚೀಲದ ಮೇಲೆ ಕುಳಿತು ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟುತ್ತಾನೆ. ಸೋಮವಾರ ಮಟಾಟು ಎಂಬ ಮಿನಿಬಸ್ಸಿನ ಚಾರ್ಜಿಗೂ ಅವನ ಬಳಿ ಕಾಸಿರುವುದಿಲ್ಲ. ಸರ್ಕಾರ ಪದೇ ಪದೇ ತೆರಿಗೆ ಬದಲಿಸಿದೆ, 2025ರಲ್ಲಿ ಹೊಸ ಕಾನೂನೂ ಬಂದಿದೆ. ಇವುಗಳಿಂದ ಇಂಥವರಿಗೆ ರಕ್ಷಣೆ ಸಿಕ್ಕೀತೇ?

ಹಳೆಗಡತ:
ಮೂಲ ತೊಡಕು ಕಾನೂನಿನ ವಯಸ್ಸಿನಲ್ಲಿತ್ತು. 1966ರ ಕಾಯ್ದೆ ರೂಪುಗೊಂಡದ್ದು ಕ್ಯಾಸಿನೊ, ಲಾಟರಿಗಳ ಕಾಲಕ್ಕೆ. 2007ರಲ್ಲಿ ಎಂ-ಪೆಸಾ ಬಂದ ಮೇಲೆ ಪ್ರತಿಯೊಬ್ಬರ ಜೇಬೂ ಜೂಜುಕಟ್ಟೆಯಾಗುವ ದಾರಿ ತೆರೆಯಿತು. 2019ರಲ್ಲಿ ಸರ್ಕಾರ 27 ಬೆಟ್ಟಿಂಗ್ ಕಂಪನಿಗಳ ಪರವಾನಗಿ ನವೀಕರಿಸಲು ನಿರಾಕರಿಸಿ, ಅವು ಹಣ ಪಡೆಯಲು ಬಳಸುವ ಪೇಬಿಲ್ ಸಂಖ್ಯೆಗಳನ್ನು ನಿಲ್ಲಿಸುವಂತೆ ಎಂ-ಪೆಸಾ ನಡೆಸುವ ಸಫಾರಿಕಾಮ್‌ ಕಂಪನಿಗೆ ಸೂಚಿಸಿತು. ನನ್ನ ದೃಷ್ಟಿಯಲ್ಲಿ, ಹಣ ಹರಿಯುವ ಕಾಲುವೆಗೇ ಕೈ ಹಾಕಿದ ಕ್ರಮ ಅದು. ಹೊಸ ಕಾಯ್ದೆ ಆನ್‌ಲೈನ್ ಬಾಜಿಗೆ ಕನಿಷ್ಠ 20 ಶಿಲ್ಲಿಂಗ್ ಎಂದು ಗೊತ್ತುಮಾಡಿ, ಜೂಜು ನಿಯಂತ್ರಿಸುತ್ತಿದ್ದ ಹಳೆಯ ಮಂಡಳಿಯ ಬದಲು ಹೊಸ ಪ್ರಾಧಿಕಾರವನ್ನು ತರುತ್ತದೆ.

ಲೆಕ್ಕಪತ್ರ:
ತೆರಿಗೆಯ ಮೇಲೆ ನನಗೆ ನಂಬಿಕೆಯಿಲ್ಲ. ಬಾಜಿಯ ಮೇಲಿನ ಅಬಕಾರಿ ಸುಂಕ 2019ರಲ್ಲಿ ಶೇ. 20 ಇತ್ತು, 2020ರಲ್ಲಿ ರದ್ದಾಯಿತು, 2021ರಲ್ಲಿ ಶೇ. 7.5 ಆಗಿ ಮರಳಿ, 2023ರಲ್ಲಿ 12.5, 2024ರ ಕೊನೆಯಲ್ಲಿ 15ಕ್ಕೆ ಏರಿ, 2025ರಲ್ಲಿ 5ಕ್ಕೆ ಇಳಿಯಿತು. ಹೀಗೆ ಹೊಯ್ದಾಡುವ ಸುಂಕ ಬೊಕ್ಕಸದ ಅಗತ್ಯಕ್ಕೆ ತಕ್ಕಂತೆ ನಡೆಯುತ್ತದೆಯೇ ಹೊರತು ಬಾಜಿ ಕಟ್ಟುವವನ ಕೈ ಹಿಡಿಯುವುದಿಲ್ಲ. ನೂರು ಶಿಲ್ಲಿಂಗ್‌ನಲ್ಲಿ ಐದು ಹೋದರೂ ಹದಿನೈದು ಹೋದರೂ, ಕೋಟಿಗಟ್ಟಲೆ ಜಾಕ್‌ಪಾಟ್‌ನ ಮೇಲೆ ಕಣ್ಣಿಟ್ಟವನಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆ ಹುಡುಗನಿಗೆ ಇನ್ನೊಂದು ಲೆಕ್ಕ ತೋರಿಸಿ: ಎಲ್ಲ 17 ಪಂದ್ಯಗಳ ಫಲಿತಾಂಶವನ್ನೂ ಸರಿಯಾಗಿ ಊಹಿಸಬೇಕಾದ ಜಾಕ್‌ಪಾಟ್‌ನಲ್ಲಿ ಪ್ರತಿ ಪಂದ್ಯಕ್ಕೂ ಗೆಲುವು, ಸೋಲು, ಡ್ರಾ ಎಂಬ ಮೂರು ಸಾಧ್ಯತೆಗಳಿರುವುದರಿಂದ, ಒಟ್ಟು ಜೋಡಣೆಗಳು 12,91,40,163. ಅವುಗಳಲ್ಲಿ ಸರಿಯಾದದ್ದು ಒಂದೇ.

ಕಂಪಾಲಾಮಿತ್ರ:
ನೆರೆಯ ಉಗಾಂಡಾದಲ್ಲಿ 2016ರ ಕಾಯ್ದೆ 25 ವರ್ಷ ತುಂಬದವರು ಬಾಜಿ ಕಟ್ಟುವುದನ್ನೇ ನಿಷೇಧಿಸಿದೆ. ಕೀನ್ಯಾದಲ್ಲಿ 18 ಸಾಕು. ಹದಿಹರೆಯ ದಾಟುವಾಗಲೇ ಈ ಚಟ ಅಂಟಿಕೊಳ್ಳುವುದನ್ನು ಹತ್ತಿರದಿಂದ ಕಂಡವನಾಗಿ, ಇಲ್ಲಿಯೂ ಮಿತಿ ಏರಲಿ ಎಂದು ಮನಸಾರೆ ಬಯಸುತ್ತೇನೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದಗಳು. 17 ಪಂದ್ಯಗಳ ಲೆಕ್ಕವನ್ನು ಅವನೆದುರಿಗೇ ಗುಣಿಸಿ ತೋರಿಸಿದೆ. ಬಹಳ ಹೊತ್ತು ಮಾತಾಡದೆ ಕ್ಯಾಲ್ಕುಲೇಟರ್ ನೋಡುತ್ತಿದ್ದ. ಅವನೇ ಕೇಳಿಕೊಂಡಿದ್ದರಿಂದ, ಮುಂದಿನ ವಾರದಿಂದ ಕೂಲಿಯ ಅರ್ಧ ಭಾಗವನ್ನು ಅವನ ತಾಯಿ ಸದಸ್ಯಳಾಗಿರುವ ಸ್ಯಾಕೋ ಉಳಿತಾಯ ಸಂಘಕ್ಕೆ ನೇರವಾಗಿ ಕಟ್ಟುತ್ತೇನೆ.