ಮರದ ಹಿಂದೆ ಅಲ್ಲಾಡಿದ್ದು ಏನು? ‘ವಿಜರ್ಡ್ ಆಫ್ ಓಜ್’ ಸಿನಿಮಾದ ಆ ದೃಶ್ಯದ ಬಗ್ಗೆ

ಗೀತಾ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ನಿನ್ನೆ ಒಂದು ವಿಡಿಯೊ ಬಂತು. 1939ರ ‘ದಿ ವಿಜರ್ಡ್ ಆಫ್ ಓಜ್’ ಸಿನಿಮಾದ ತುಣುಕು. ಡೊರೊತಿ, ಬೆರ್ಚಪ್ಪ, ತಗಡಿನ ಮನುಷ್ಯ ಮೂವರೂ ಹಳದಿ ಇಟ್ಟಿಗೆಯ ದಾರಿಯಲ್ಲಿ ಹಾಡುತ್ತಾ ಹೋಗುತ್ತಾರೆ. ಹಿಂದೆ ಮರಗಳ ನಡುವೆ ಕಪ್ಪಗೆ ಏನೋ ಅಲ್ಲಾಡುತ್ತದೆ. ಅದಕ್ಕೆ ಕೆಂಪು ಸುತ್ತು ಹಾಕಿದ್ದಾರೆ. ಮಂಚ್‌ಕಿನ್ (ಕಥೆಯಲ್ಲಿ ಬರುವ ಗಿಡ್ಡ ಜನ) ಪಾತ್ರ ಮಾಡಿದ ನಟನೊಬ್ಬ ಪ್ರೇಮದಲ್ಲಿ ಸೋತು ಸೆಟ್ಟಿನಲ್ಲೇ ನೇಣು ಹಾಕಿಕೊಂಡ, ಕಂಪನಿ ಅದನ್ನು ಹಾಗೇ ಬಿಟ್ಟಿತು ಎಂದು ಬರೆದಿದ್ದಾರೆ. ನನ್ನ ಮಗಳಿಗೆ ಎಂಟು ವರ್ಷ. ಈ ಶನಿವಾರ ಇದೇ ಸಿನಿಮಾ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಇದು ನಿಜವಾ? ತಿಳಿದವರು ಹೇಳಿ.

ಹಾಸನದ_ಹರೀಶ
ಗೀತಾ ಮೇಡಂ, ನಾನು ಕಣ್ಣಾರೆ ನೋಡಿದ್ದೇನೆ. 2002ರ ಹೊತ್ತಿಗೆ ನಮ್ಮ ಬೀದಿಯ ಕ್ಯಾಸೆಟ್ ಲೈಬ್ರರಿಯಿಂದ ವಿಸಿಡಿ ತಂದು, ಅಣ್ಣನ ಜೊತೆ ಅದೇ ಜಾಗವನ್ನು ಹತ್ತು ಸಲ ಹಿಂದೆ ಮುಂದೆ ಮಾಡಿ ನೋಡಿದೆವು. ಮೇಲಿಂದ ಇಳಿಬಿದ್ದ ಹಾಗೆ ಒಂದು ದೇಹ, ಆಮೇಲೆ ಕಾಲು ಒದರಿದ ಹಾಗೆ. ಆ ರಾತ್ರಿ ಇಬ್ಬರೂ ನಿದ್ದೆ ಮಾಡಲಿಲ್ಲ. ಬೇರೆಯವರು ಏನೇ ಹೇಳಲಿ, ಕಂಡದ್ದನ್ನು ಕಾಣಲಿಲ್ಲ ಅನ್ನಲು ನನಗೆ ಆಗಲ್ಲ. ಮಗಳಿಗೆ ತೋರಿಸಬೇಡಿ.

ಕಟಿಂಗ್_ಟೇಬಲ್
ಹರೀಶ್ ಅವರೇ, ಒಂದು ಪ್ರಶ್ನೆ. ಅಲ್ಲೊಂದು ದೇಹ ಇದೆ ಎಂದು ಮೊದಲೇ ಯಾರಾದರೂ ಹೇಳಿದ್ದರಾ?

ನಾನು ಹದಿನಾಲ್ಕು ವರ್ಷ ಎಡಿಟಿಂಗ್ ಮಾಡಿದವನು. ವಿಸಿಡಿಯ ಚಿತ್ರ 352 ಅಗಲ, 288 ಎತ್ತರದ ಚುಕ್ಕೆಗಳದ್ದು. ಹಿನ್ನೆಲೆಯಲ್ಲಿ ದೂರ ನಿಂತ ವಸ್ತುವಿಗೆ ಅದರಲ್ಲಿ ಸಿಗುವುದು ಬೆರಳೆಣಿಕೆಯಷ್ಟು ಚುಕ್ಕೆ. ಅಷ್ಟರಲ್ಲಿ ಕೈ ಯಾವುದು, ರೆಕ್ಕೆ ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಉಳಿದದ್ದನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ.

ಅಲ್ಲಿರುವುದು ದೊಡ್ಡ ಹಕ್ಕಿ. ಕಾಡಿನ ಸೆಟ್ಟು ಜೀವಂತವಾಗಿ ಕಾಣಲಿ ಎಂದು ಲಾಸ್ ಏಂಜಲೀಸ್ ಮೃಗಾಲಯದಿಂದ ಹಕ್ಕಿಗಳನ್ನು ತಂದು ಬಿಟ್ಟಿದ್ದರು. ಅದರಲ್ಲೊಂದು ಹಿಂದೆ ನಿಂತು ರೆಕ್ಕೆ ಬಿಚ್ಚುತ್ತದೆ. 2005ರಲ್ಲಿ ಬಂದ, ಹೊಸದಾಗಿ ಶುಚಿ ಮಾಡಿದ ಡಿವಿಡಿಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಇನ್ನೊಂದು ವಿಷಯ. ಈ ದೃಶ್ಯವನ್ನು ಮಂಚ್‌ಕಿನ್ ಊರಿನ ದೃಶ್ಯಗಳಿಗಿಂತ ಮೊದಲೇ ಚಿತ್ರೀಕರಿಸಿದ್ದರು. ಆ ಕಲಾವಿದರ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

ಹಾಸನದ_ಹರೀಶ
ಹೌದು, ಅಣ್ಣ ಮೊದಲೇ ಹೇಳಿದ್ದ. ಆದರೆ ಸರ್, ಹೊಸ ಡಿವಿಡಿ ಮಾಡುವಾಗ ಕಂಪನಿಯೇ ಹಕ್ಕಿಯನ್ನು ಸೇರಿಸಿರಬಾರದು ಅಂತೇನಿದೆ? ದೊಡ್ಡ ಕಂಪನಿಗಳು ತಮ್ಮ ತಪ್ಪು ಮುಚ್ಚಿಡುವುದು ಹೊಸದಾ? ‘ಲಯನ್ ಕಿಂಗ್’ ನೋಡಿ. 1994ರ ಮೂಲದಲ್ಲಿ ಸಿಂಬಾ ಬಂಡೆಯ ಮೇಲೆ ದೊಪ್ಪನೆ ಮಲಗಿದಾಗ ಎದ್ದ ಧೂಳು ಕೆಟ್ಟ ಅಕ್ಷರಗಳ ಹಾಗೆ ಕಾಣುತ್ತದೆ ಎಂದು ಗಲಾಟೆ ಆಯಿತು. ಆಮೇಲಿನ ಬಿಡುಗಡೆಯಲ್ಲಿ ಆ ಧೂಳನ್ನೇ ತಿದ್ದಿದರು. ಏನೂ ಇಲ್ಲದಿದ್ದರೆ ತಿದ್ದಿದ್ದು ಯಾಕೆ?

ಕಟಿಂಗ್_ಟೇಬಲ್
ಒಳ್ಳೆಯ ಪ್ರಶ್ನೆ. ಧೂಳಿನಲ್ಲಿ ಅಕ್ಷರ ಇದ್ದದ್ದು ನಿಜ. ಅದು ಎಸ್, ಎಫ್, ಎಕ್ಸ್ ಎಂದು ಡಿಸ್ನಿಯ ಆನಿಮೇಟರ್ ಟಾಮ್ ಸಿಟೋ ಹೇಳಿದ್ದಾರೆ. ಸ್ಪೆಷಲ್ ಎಫೆಕ್ಟ್ಸ್ ವಿಭಾಗದವರು ತಮ್ಮ ಕೆಲಸದ ಗುರುತಾಗಿ ಹಾಕಿದ್ದು. ನಡುವಿನ ಎಫ್ ಅನ್ನು ಜನ ಇ ಎಂದು ಓದಿದರು. ಮಕ್ಕಳ ಸಿನಿಮಾದ ಮೇಲೆ ಅಂಥ ಮಾತು ಬಂದರೆ ಯಾರಾದರೂ ತೆಗೆಯುತ್ತಾರೆ. ತೆಗೆದದ್ದು ತಪ್ಪೊಪ್ಪಿಗೆ ಆಗುವುದಿಲ್ಲ.

ಓಜ್ ಸಿನಿಮಾದ ಕಥೆ ಬೇರೆ. ಹಳೆಯ ಪ್ರತಿಗಳು ಇನ್ನೂ ಜನರ ಮನೆಯಲ್ಲಿವೆ. ಅದರಲ್ಲೂ ಅದೇ ಹಕ್ಕಿ, ಮಸುಕಾಗಿ. ತಿದ್ದಿದ್ದು ಇನ್ನೊಂದು ಕಡೆ. ಹಕ್ಕಿ ತೆಗೆದು ನೇತಾಡುವ ಆಕೃತಿಯನ್ನು ಕೂರಿಸಿದ ನಕಲಿ ತುಣುಕುಗಳು ಇಂಟರ್ನೆಟ್ಟಿನಲ್ಲಿ ‘ಹಳೇ ಕ್ಯಾಸೆಟ್ಟಿನ ಮೂಲ’ ಎಂಬ ಹೆಸರಿನಲ್ಲಿ ಓಡಾಡುತ್ತಿವೆ. ಗೀತಾ ಅವರಿಗೆ ಬಂದದ್ದೂ ಅಂಥದ್ದೇ ಇರಬಹುದು, ಪರೀಕ್ಷಿಸಿ ನೋಡಿ.

ಮದ್ದೂರು_ಮಂಜು
ನಮ್ಮ ಊರಿನ ಹತ್ತಿರವೇ ಕೊಕ್ಕರೆ ಬೆಳ್ಳೂರು. ಹುಣಸೆಮರದ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಚಿಕ್ಕಂದಿನಿಂದ ನೋಡಿದ್ದೇನೆ. ದೊಡ್ಡ ಹಕ್ಕಿ ಕುತ್ತಿಗೆ ಕೆಳಗೆ ಮಾಡಿ, ಒಂದು ಸಲ ರೆಕ್ಕೆ ಬಿಚ್ಚಿ ಮತ್ತೆ ಮಡಚಿದರೆ ಸಂಜೆ ಬೆಳಕಿನಲ್ಲಿ ಥೇಟ್ ಮನುಷ್ಯ ತೂಗಾಡಿದ ಹಾಗೇ ಇರುತ್ತದೆ. ಹೊಸಬರು ಎಷ್ಟೋ ಜನ ಬೆಚ್ಚಿದ್ದಾರೆ. ಹರೀಶಣ್ಣ ಸುಳ್ಳು ಹೇಳ್ತಿಲ್ಲ. ಕಂಡದ್ದು ನಿಜ. ಅದು ಏನು ಅನ್ನುವುದು ಬೇರೆ ಮಾತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಟೊರೊಂಟೊ_ಶಾಂತಲಾ
ನಾನು ಟೊರೊಂಟೊದಲ್ಲಿ ಇರುವುದರಿಂದ ಇನ್ನೊಂದು ಇಂಥದ್ದೇ ಕಥೆ ಹೇಳುತ್ತೇನೆ. 1987ರ ‘ತ್ರೀ ಮೆನ್ ಅಂಡ್ ಎ ಬೇಬಿ’. ಒಂದು ದೃಶ್ಯದಲ್ಲಿ ಕಿಟಕಿಯ ಪರದೆ ಹತ್ತಿರ ಹುಡುಗನೊಬ್ಬ ನಿಂತ ಹಾಗೆ ಕಾಣುತ್ತದೆ. ಆ ಮನೆಯಲ್ಲಿ ಬಂದೂಕಿನ ಗುಂಡಿಗೆ ಸತ್ತ ಹುಡುಗನ ದೆವ್ವ ಎಂದು ಸುದ್ದಿ ಹಬ್ಬಿತು. ಆದರೆ ಅದು ಮನೆಯೇ ಅಲ್ಲ! ಕಥೆ ನಡೆಯುವುದು ನ್ಯೂಯಾರ್ಕಿನಲ್ಲಿ, ಆ ಫ್ಲ್ಯಾಟಿನ ಸೆಟ್ಟು ಹಾಕಿದ್ದು ಇಲ್ಲಿ ಟೊರೊಂಟೊದ ಸ್ಟುಡಿಯೊದಲ್ಲಿ. ಅಲ್ಲಿ ಯಾರೂ ವಾಸ ಮಾಡಿರಲಿಲ್ಲ. ಹುಡುಗ ಎಂದುಕೊಂಡದ್ದು ನಟ ಟೆಡ್ ಡ್ಯಾನ್ಸನ್ ಅವರ ರಟ್ಟಿನ ಕಟೌಟು. ಅವರ ಪಾತ್ರ ಒಬ್ಬ ನಟನದು. ನಾಯಿ ಆಹಾರದ ಜಾಹೀರಾತಿನ ಉಪಕಥೆಗಾಗಿ ಮಾಡಿಸಿದ ಕಟೌಟು ಅದು. ಆ ಉಪಕಥೆಯನ್ನು ಕತ್ತರಿಸಿದರು, ಕಟೌಟು ಸೆಟ್ಟಿನಲ್ಲಿ ಉಳಿಯಿತು.

ಗಮನಿಸಿ, ಥಿಯೇಟರಿನಲ್ಲಿ ಓಡುವಾಗ ಈ ದೆವ್ವದ ಮಾತು ಇರಲಿಲ್ಲ. 1990ರಲ್ಲಿ, ಕ್ಯಾಸೆಟ್ಟು ಮನೆಗಳಿಗೆ ಬಂದ ಮೇಲೆ ಎದ್ದಿತು.

ಕಟಿಂಗ್_ಟೇಬಲ್
ಶಾಂತಲಾ ಅವರೇ, ಅದೇ ಮುಖ್ಯ. ಓಜ್ ಸಿನಿಮಾ 1956ರಲ್ಲೇ ಅಮೆರಿಕದ ಟಿವಿಯಲ್ಲಿ ಬಂತು. ಆಮೇಲೆ ವರ್ಷ ವರ್ಷ ಕೋಟಿಗಟ್ಟಲೆ ಜನ ನೋಡಿದರು. ನೇಣಿನ ಮಾತು ಜೋರಾಗಿ ಹಬ್ಬಿದ್ದು 1989ರ ಸುಮಾರಿಗೆ, ಐವತ್ತನೇ ವರ್ಷದ ಕ್ಯಾಸೆಟ್ಟು ಬಂದಾಗ. ಚಿತ್ರವನ್ನು ನಿಲ್ಲಿಸಿ ನೋಡುವ ಪಾಸ್ ಬಟನ್ ಕೈಗೆ ಸಿಕ್ಕಿತ್ತು. ಸವೆದ ಟೇಪು ನಿಲ್ಲಿಸಿದರೆ ಗೆರೆ ಗೆರೆಯಾಗಿ ನಡುಗುತ್ತದೆ. ನಡುಗುವ ಚಿತ್ರದಲ್ಲಿ ಹೆದರಿಸುವಂಥದ್ದು ಯಾವಾಗಲೂ ಸಿಗುತ್ತದೆ.

ಹಾಸನದ_ಹರೀಶ
ಸರಿ ಸರ್, ಹಕ್ಕಿ ಎಂದೇ ಇಟ್ಟುಕೊಳ್ಳೋಣ. ಆದರೆ ಇಂಥ ಮಾತೆಲ್ಲ ಸುಳ್ಳು ಎಂದು ಒಂದೇ ಏಟಿಗೆ ಹೇಳಬಹುದಾ? ಡಿಸ್ನಿಯವರೇ ಒಂದು ಸಿನಿಮಾದಲ್ಲಿ ಬೆತ್ತಲೆ ಫೋಟೊ ಇದೆ ಎಂದು ಒಪ್ಪಿಕೊಂಡಿದ್ದು ಓದಿದ್ದೆ.

ಕಟಿಂಗ್_ಟೇಬಲ್
ಹೇಳಲು ಆಗುವುದಿಲ್ಲ. ಇದರಲ್ಲಿ ನಿಮ್ಮ ಮಾತೇ ಸರಿ. ಅದು ‘ದಿ ರೆಸ್ಕ್ಯೂವರ್ಸ್’, 1977ರದ್ದು. ಇಲಿಗಳ ಸಾಹಸದ ಕಥೆ, ಪೂರ್ತಿ ಮಕ್ಕಳ ಸಿನಿಮಾ. ಅದರ ಹಿನ್ನೆಲೆಯ ಒಂದು ಕಿಟಕಿಯಲ್ಲಿ ಬೆತ್ತಲೆ ಎದೆಯ ಹೆಂಗಸಿನ ನಿಜವಾದ ಫೋಟೊ ಇತ್ತು. ಬರೀ ಎರಡು ಫ್ರೇಮು. ಸಿನಿಮಾ ಸುಮಾರು 77 ನಿಮಿಷ, ಸೆಕೆಂಡಿಗೆ 24 ಫ್ರೇಮು. ಅಂದರೆ ಒಂದು ಲಕ್ಷ ಹತ್ತು ಸಾವಿರಕ್ಕೂ ಜಾಸ್ತಿ ಫ್ರೇಮುಗಳಲ್ಲಿ ಎರಡು. ಥಿಯೇಟರಿನಲ್ಲಿ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. 1999ರ ಜನವರಿಯಲ್ಲಿ ಹೊಸ ಕ್ಯಾಸೆಟ್ಟು ಬಿಡುಗಡೆಯಾದ ಮೂರೇ ದಿನಕ್ಕೆ ಡಿಸ್ನಿ 34 ಲಕ್ಷ ಪ್ರತಿಗಳನ್ನು ವಾಪಸ್ ಕರೆಯಿತು. ಚಿತ್ರ ಬರೆದವರು ಮಾಡಿದ್ದಲ್ಲ, ಆಮೇಲಿನ ಹಂತದಲ್ಲಿ ಸೇರಿದ್ದು ಎಂದು ಹೇಳಿತು.

ಹಾಗಾಗಿ ಒಂದೊಂದನ್ನೂ ಬಿಡಿಬಿಡಿಯಾಗಿಯೇ ನೋಡಬೇಕು. ‘ರೆಸ್ಕ್ಯೂವರ್ಸ್’ನಲ್ಲಿ ಫ್ರೇಮು ಎಣಿಸಿ ತೋರಿಸಬಹುದು. ಓಜ್ ಸಿನಿಮಾದಲ್ಲಿ ಫ್ರೇಮು ಎಣಿಸಿದರೆ ಹಕ್ಕಿ ಸಿಗುತ್ತದೆ.

ಗೀತಾ_ದಾವಣಗೆರೆ
ಸರ್, ಹಾಗಾದರೆ ಕಣ್ಣಿಗೆ ಕಾಣದಷ್ಟು ಬೇಗ ಬಂದು ಹೋಗುವ ಚಿತ್ರ ಮಗುವಿನ ಮನಸ್ಸಿಗೆ ಇಳಿಯುವುದಿಲ್ಲವಾ? ನನಗೆ ಆ ಹೆದರಿಕೆ ಜಾಸ್ತಿ.

ಕಟಿಂಗ್_ಟೇಬಲ್
ಆ ಹೆದರಿಕೆಗೂ ಒಂದು ಹುಟ್ಟಿದೆ ಮೇಡಂ. 1957ರಲ್ಲಿ ಜೇಮ್ಸ್ ವಿಕಾರಿ ಎಂಬ ಅಮೆರಿಕದ ಮಾರುಕಟ್ಟೆ ಸಂಶೋಧಕರು, ನ್ಯೂಜೆರ್ಸಿಯ ಥಿಯೇಟರಿನಲ್ಲಿ ಸಿನಿಮಾ ನಡುವೆ ಕಣ್ಣಿಗೆ ಕಾಣದ ಹಾಗೆ ‘ಪಾಪ್‌ಕಾರ್ನ್ ತಿನ್ನಿ’, ‘ಕೋಕಾಕೋಲಾ ಕುಡಿಯಿರಿ’ ಎಂದು ಮಿಂಚಿಸಿದೆ, ಪಾಪ್‌ಕಾರ್ನ್ ಮಾರಾಟ ಶೇಕಡಾ 57.5 ಏರಿತು ಎಂದರು. ಜಗತ್ತೇ ನಡುಗಿತು. 1962ರಲ್ಲಿ ಅವರೇ, ಅದು ತಮ್ಮ ವ್ಯಾಪಾರ ಕುದುರಿಸಲು ಮಾಡಿದ ಗಿಮಿಕ್ಕು ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಯಾರಿಗೂ ನೆನಪಿಲ್ಲ, ಪಾಪ್‌ಕಾರ್ನ್ ಕಥೆ ಎಲ್ಲರಿಗೂ ನೆನಪಿದೆ.

ಮಗಳು ಹಕ್ಕಿಯನ್ನು ಗಮನಿಸುವುದೂ ಇಲ್ಲ. ನೀವು ಬೆರಳು ತೋರಿಸಿದರೆ ಮಾತ್ರ ಹೆದರುತ್ತಾಳೆ.

ಸರೋಜಾ_ಟೀಚರ್
ಇದುವರೆಗೆ ಸುಮ್ಮನೆ ಓದುತ್ತಿದ್ದೆ. ಒಂದು ಮಾತು ಹೇಳಲೇಬೇಕು ಅನ್ನಿಸಿತು.

ಹಕ್ಕಿಯೋ ದೇಹವೋ ಎಂದು ಇಷ್ಟೆಲ್ಲ ಮಾತಾಡಿದಿರಿ. ಈ ಕಥೆ ಯಾರ ಮೇಲೆ ಕಟ್ಟಿದ್ದು ಎಂದು ಯಾರೂ ಕೇಳಲಿಲ್ಲ. ಗಿಡ್ಡ ಮೈಕಟ್ಟಿನ ಕಲಾವಿದನೊಬ್ಬ ನೂರಾರು ಜನರ ನಡುವೆ ಸಾಯುತ್ತಾನೆ, ಯಾರೂ ತಿರುಗಿ ನೋಡುವುದಿಲ್ಲ, ಹಾಡು ಮುಂದುವರಿಯುತ್ತದೆ! ಡೊರೊತಿಯಾದ ಜೂಡಿ ಗಾರ್ಲೆಂಡ್ ಬಗ್ಗೆ ಹೀಗೆ ಹೇಳಿದ್ದರೆ ಯಾರಾದರೂ ನಂಬುತ್ತಿದ್ದರಾ? ಗಿಡ್ಡ ಕಲಾವಿದರ ಬಗ್ಗೆ ಆದ್ದರಿಂದ ನಂಬಿದರು. ನನ್ನ ಜೊತೆ ಶಾಲೆಯಲ್ಲಿ ಗುಮಾಸ್ತರಾಗಿದ್ದವರೊಬ್ಬರು ನಾಲ್ಕು ಅಡಿ ಎತ್ತರ ಇರಲಿಲ್ಲ. ಅವರ ಮದುವೆ, ಸಂಬಳ, ಊಟ ಎಲ್ಲದರ ಬಗ್ಗೆಯೂ ಜನ ಕಥೆ ಕಟ್ಟುತ್ತಿದ್ದರು. ಅವರನ್ನೇ ಕೇಳಿದವರು ಯಾರೂ ಇಲ್ಲ. ನನಗೆ ಈ ವಿಡಿಯೊ ನೋಡಿದಾಗೆಲ್ಲ ಅವರ ಮುಖ ನೆನಪಾಗುತ್ತದೆ.

ಆ ಸಿನಿಮಾದಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಗಿಡ್ಡ ಮೈಕಟ್ಟಿನ ಕಲಾವಿದರು ದುಡಿದರು. ಹೆಸರುಗಳ ಪಟ್ಟಿಯಲ್ಲಿ ಅವರಿಗೆ ಒಬ್ಬೊಬ್ಬರ ಹೆಸರಿಲ್ಲ. ತಂಡದ ಹೆಸರು ಮಾತ್ರ. ಕೈಗೆ ಬಂದದ್ದು ವಾರಕ್ಕೆ 50 ಡಾಲರ್ ಎಂದು ಅವರಲ್ಲೊಬ್ಬರಾದ ಜೆರ್ರಿ ಮ್ಯಾರೆನ್ ಹೇಳಿದ್ದರು. ಡೊರೊತಿಯ ನಾಯಿ ಟೋಟೋ ಲೆಕ್ಕಕ್ಕೆ 125 ಡಾಲರ್. 2007ರಲ್ಲಿ ಹಾಲಿವುಡ್ ಬೀದಿಯಲ್ಲಿ ಅವರ ಗೌರವಕ್ಕೆ ಒಂದು ನಕ್ಷತ್ರ ಕೂರಿಸಿದಾಗ ಬದುಕಿದ್ದ ಕೆಲವರು ಬಂದಿದ್ದರು. ಅವರಿಗೆ ಸಿಕ್ಕ ಸಂಬಳದ ಕಥೆಯನ್ನು ಯಾವ ಗುಂಪೂ ಫಾರ್ವರ್ಡ್ ಮಾಡುವುದಿಲ್ಲ.

ಹಾಸನದ_ಹರೀಶ
ಟೀಚರ್, ಆ ಕೋನದಿಂದ ನಾನು ಯೋಚಿಸಿಯೇ ಇರಲಿಲ್ಲ. ಆದರೂ ಆ ಸೆಟ್ಟಿನಲ್ಲಿ ಏನೋ ಕೆಟ್ಟದ್ದು ಆಗಿತ್ತು ಎಂಬ ಮಾತು ಪೂರ್ತಿ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ.

ಸರೋಜಾ_ಟೀಚರ್
ಆಗಿತ್ತು ಹರೀಶ್. ಅದಕ್ಕೇ ನನಗೆ ಸಿಟ್ಟು. ತಗಡಿನ ಮನುಷ್ಯನ ಪಾತ್ರ ಮೊದಲು ಬಡ್ಡಿ ಎಬ್ಸನ್ ಅವರದು. ಮುಖಕ್ಕೆ ಹಚ್ಚಿದ ಅಲ್ಯೂಮಿನಿಯಂ ಪುಡಿ ಶ್ವಾಸಕೋಶಕ್ಕೆ ಹೋಗಿ, ಉಸಿರಾಡಲು ಆಗದೆ ಆಸ್ಪತ್ರೆ ಸೇರಿದರು. ಆ ಜಾಗಕ್ಕೆ ಜ್ಯಾಕ್ ಹೇಲಿ ಬಂದರು. ಮಾಟಗಾತಿಯಾದ ಮಾರ್ಗರೆಟ್ ಹ್ಯಾಮಿಲ್ಟನ್ 1938ರ ಡಿಸೆಂಬರಿನಲ್ಲಿ ಹೊಗೆಯಲ್ಲಿ ಮಾಯವಾಗುವ ದೃಶ್ಯ ಮಾಡುವಾಗ, ಅವರು ಕೆಳಗೆ ಇಳಿಯುವ ಮೊದಲೇ ಬೆಂಕಿ ಹೊತ್ತಿತು. ಮುಖ, ಕೈ ಸುಟ್ಟಿತು. ಹಸಿರು ಬಣ್ಣದಲ್ಲಿ ತಾಮ್ರ ಇತ್ತು, ಸುಟ್ಟ ಚರ್ಮದ ಮೇಲಿಂದ ಅದನ್ನು ಉಜ್ಜಿ ತೆಗೆಯಬೇಕಾಯಿತು. ಆರು ವಾರ ಮನೆಯಲ್ಲಿದ್ದರು. ವಾಪಸ್ ಬಂದ ಮೇಲೆ ಬೆಂಕಿಯ ದೃಶ್ಯ ಮಾಡಲ್ಲ ಎಂದರು. ಅವರ ಬದಲು ಹೊಗೆ ಉಗುಳುವ ಪೊರಕೆಯ ಮೇಲೆ ಕೂತ ಬೆಟ್ಟಿ ಡ್ಯಾಂಕೊ ಅವರ ಕಾಲಿಗೆ, ಹೊಗೆಯ ಕೊಳವೆ ಸಿಡಿದು ಪೆಟ್ಟಾಯಿತು.

ಮದ್ದೂರು_ಮಂಜು
ಇದೆಲ್ಲ ನನಗೆ ಗೊತ್ತೇ ಇರಲಿಲ್ಲ ಟೀಚರ್. ಆದರೆ ಒಂದು ಮಾತು. ದೆವ್ವದ ಕಥೆ ಹೇಳಿ ಹೆದರಿಸುವುದರಲ್ಲಿ ಮಕ್ಕಳಿಗೆ ಒಂದು ಖುಷಿ ಇರುತ್ತದೆ. ಅಷ್ಟನ್ನೂ ತಪ್ಪು ಅನ್ನಬೇಕಾ?

ಸರೋಜಾ_ಟೀಚರ್
ದೆವ್ವದ ಕಥೆಗೆ ನನ್ನ ತಕರಾರಿಲ್ಲಪ್ಪ. ರಟ್ಟಿನ ಕಟೌಟಿನ ದೆವ್ವ ಯಾರಿಗೂ ನೋವು ಮಾಡುವುದಿಲ್ಲ. ನಿಜವಾಗಿ ಬದುಕಿದ್ದವರ ಸಾವನ್ನು ಕಟ್ಟಿ ಹೇಳುವುದಕ್ಕೆ ತಕರಾರು.

ಟೊರೊಂಟೊ_ಶಾಂತಲಾ
ನಾನು ಪೂರ್ತಿ ಒಪ್ಪುವುದಿಲ್ಲ ಟೀಚರ್. ಆ ಕಟೌಟಿನ ಕಥೆ ಕೇಳಿ ನನ್ನ ಮಗ ಒಂದು ತಿಂಗಳು ಕಿಟಕಿ ಇರುವ ಕೋಣೆಯಲ್ಲಿ ಒಬ್ಬನೇ ಮಲಗಲಿಲ್ಲ. ಅವನಿಗೆ ಹೇಳಿದ್ದು ಶಾಲೆಯ ದೊಡ್ಡ ಹುಡುಗರು. ಅವನಿಗಂತೂ ನೋವಾಯಿತು.

ಹಾಸನದ_ಹರೀಶ
ಈಗಷ್ಟೇ ನೋಡಿ ಬಂದೆ. ಒಳ್ಳೆಯ ಪ್ರಿಂಟು ಸಿಕ್ಕಿತು. ತಗಡಿನ ಮನುಷ್ಯನ ಗುಡಿಸಲಿನಿಂದ ಮೂವರೂ ಹೊರಡುವ ತನಕ ನಿಧಾನಕ್ಕೆ ನೋಡಿದೆ. ರೆಕ್ಕೆ ಕಾಣುತ್ತದೆ. ಕುತ್ತಿಗೆಯೂ ಕಾಣುತ್ತದೆ. ಹಕ್ಕಿಯೇ. ಆದರೆ ಹಳೆಯ ವಿಸಿಡಿಯ ಆ ಆಕೃತಿ ಕಣ್ಣಿನಿಂದ ಹೋಗುತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಣ್ಣನಿಗೆ ಫೋನ್ ಮಾಡಿದೆ. ಅವನು ಈಗಲೂ ದೇಹ ಅಂತಲೇ ಹಟ ಹಿಡಿದಿದ್ದಾನೆ. ಭಾನುವಾರ ಊರಿಗೆ ಹೋಗಿ ಇಬ್ಬರೂ ಕೂತು ನೋಡುತ್ತೇವೆ. ಗೀತಾ ಮೇಡಂ, ತೋರಿಸಬೇಡಿ ಎಂದದ್ದನ್ನು ವಾಪಸ್ ತೆಗೆದುಕೊಂಡೆ.

ಗೀತಾ_ದಾವಣಗೆರೆ
ಶನಿವಾರ ರಾತ್ರಿ ಬರೆಯುತ್ತಿದ್ದೇನೆ. ಪೂರ್ತಿ ಸಿನಿಮಾ ನೋಡಿದೆವು. ಆ ದೃಶ್ಯ ಬಂದಾಗ ನನ್ನ ಎದೆ ಡವಡವ ಅಂತು, ಮಗಳು ಹಾಡಿಗೆ ತಲೆ ಆಡಿಸುತ್ತಾ ಕೂತಿದ್ದಳು. ಅವಳು ಹೆದರಿದ್ದು ಮಾಟಗಾತಿ ಬೆಂಕಿ ಎಸೆದಾಗ ಮಾತ್ರ, ನನ್ನ ಕೈ ಹಿಡಿದುಕೊಂಡಳು. ಮುಗಿದ ಮೇಲೆ, “ಡೊರೊತಿಗೆ ಲಾಲಿಪಾಪ್ ಕೊಟ್ಟ ಮಾಮನ ಹೆಸರೇನಮ್ಮಾ” ಎಂದು ಕೇಳಿದಳು. ಹುಡುಕಿದೆ. ಟೀಚರ್ ಹೇಳಿದ ಜೆರ್ರಿ ಮ್ಯಾರೆನ್ ಅವರೇ. 2018ರವರೆಗೆ, 98 ವರ್ಷ ಬದುಕಿದ್ದರಂತೆ. ಅಪಾರ್ಟ್‌ಮೆಂಟಿನ ಗುಂಪಿಗೆ ಹಕ್ಕಿಯ ಚಿತ್ರದ ಜೊತೆ ಅವರ ಹೆಸರನ್ನೂ ಹಾಕಿದ್ದೇನೆ.